ಆಸ್ಬಾರ್ನ್ ಕಂಪನಿ ಮುಳುಗಿದ್ದು ಬಾಯಿಂದಲೋ, ಲೆಕ್ಕದಿಂದಲೋ?

ಪ್ರಶ್ನೆ: ನಾನು ಒಂದು ಸಣ್ಣ ಹಾರ್ಡ್‌ವೇರ್ ಕಂಪನಿಯಲ್ಲಿ ಮಾರಾಟದ ಕೆಲಸ ನೋಡಿಕೊಳ್ಳುತ್ತೇನೆ. ಹೊಸ ಮಾಡೆಲ್ ಬಗ್ಗೆ ಗಿರಾಕಿಗಳ ಹತ್ತಿರ ತುಟಿ ಬಿಚ್ಚಬೇಡಿ ಅಂತ ನಮ್ಮ ಮ್ಯಾನೇಜರ್ ಯಾವಾಗಲೂ ಹೇಳುತ್ತಾರೆ. ಹೇಳಿದಾಗಲೆಲ್ಲ 'ಆಸ್ಬಾರ್ನ್ ಎಫೆಕ್ಟ್' ಕಥೆ ತೆಗೆಯುತ್ತಾರೆ. ಆಡಮ್ ಆಸ್ಬಾರ್ನ್ ಎಂಬಾತ ಮುಂದೆ ಬರುವ ಕಂಪ್ಯೂಟರ್ ಬಗ್ಗೆ ಮೊದಲೇ ಹೇಳಿಬಿಟ್ಟನಂತೆ, ಜನ ಹಳೆಯದನ್ನು ಕೊಳ್ಳುವುದು ನಿಲ್ಲಿಸಿದರಂತೆ, ಕಂಪನಿ ಮುಳುಗಿತಂತೆ. ಇದು ನಿಜವೇ? ಆತ ತಿರುವಣ್ಣಾಮಲೈನಲ್ಲಿ ಬೆಳೆದವನು ಅಂತಲೂ ಎಲ್ಲೋ ಓದಿದೆ. ಅದೂ ನಿಜವೇ? ಕೊನೆಗೆ, ನಾವು ಗಿರಾಕಿಗಳಿಗೆ ಹೇಳಬೇಕೋ ಬೇಡವೋ?

ಉತ್ತರ: ತಿರುವಣ್ಣಾಮಲೈ ವಿಷಯ ನಿಜ. ಕಂಪನಿ ಮುಳುಗಿದ್ದೂ ನಿಜ. ನಡುವಿನ ಕಥೆ ಮಾತ್ರ ಅರ್ಧ ನಿಜ. ಆಡಬಾರದ ಮಾತು ಆಡಿದ್ದು ಹೌದು. ಆದರೆ ಆ ಹೊತ್ತಿಗಾಗಲೇ ಕಂಪನಿಯ ಕೈಯಲ್ಲಿ ಕಾಸಿರಲಿಲ್ಲ, ಲೆಕ್ಕಪತ್ರ ನೆಟ್ಟಗಿರಲಿಲ್ಲ, ಅದೇ ಬೆಲೆಗೆ ಅದಕ್ಕಿಂತ ಒಳ್ಳೆಯ ಮಾಲು ಮಾರುವ ಎದುರಾಳಿ ಅಂಗಡಿಗೆ ಬಂದು ಕೂತಾಗಿತ್ತು. ಬಾಯಿಯದು ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ತಪ್ಪಿನಲ್ಲಿ ಅದರ ಪಾಲು ಚಿಕ್ಕದು ಅಂತ ಹೇಳುತ್ತೇನೆ. ಅದು ಗೊತ್ತಾಗಬೇಕಾದರೆ ಆ ಮನುಷ್ಯನನ್ನೂ ಆ ಪೆಟ್ಟಿಗೆಯನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು.

ಆಡಮ್ ಆಸ್ಬಾರ್ನ್ ಹುಟ್ಟಿದ್ದು 1939ರ ಮಾರ್ಚ್ 6ರಂದು, ಬ್ಯಾಂಕಾಕ್‌ನಲ್ಲಿ. ಅಪ್ಪ ಆರ್ಥರ್ ಆಸ್ಬಾರ್ನ್ ಇಂಗ್ಲೆಂಡಿನವರು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಅಮ್ಮ ಲೂಸಿಯಾ ಪೋಲೆಂಡಿನವರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮ್ಮ ಮತ್ತು ಮೂವರು ಮಕ್ಕಳು ತಿರುವಣ್ಣಾಮಲೈನಲ್ಲಿ, ರಮಣ ಮಹರ್ಷಿಗಳ ಆಶ್ರಮದ ಆಸರೆಯಲ್ಲಿ ಬಂದು ನೆಲೆಸಿದರು. ಅಪ್ಪ ಬ್ಯಾಂಕಾಕ್‌ನಲ್ಲಿ ಜಪಾನೀಯರ ಸೆರೆ ಸೇರಿದರು. ಯುದ್ಧ ಮುಗಿದ ಮೇಲೇ ಅವರು ಹೆಂಡತಿ ಮಕ್ಕಳನ್ನು ಮತ್ತೆ ನೋಡಿದ್ದು. ಆಶ್ರಮದ ಇಂಗ್ಲಿಷ್ ಪುಸ್ತಕಗಳನ್ನು ಓದಿದವರಿಗೆ ಆರ್ಥರ್ ಆಸ್ಬಾರ್ನ್ ಹೆಸರು ಹೊಸದಲ್ಲ. ಆಶ್ರಮದ 'ದಿ ಮೌಂಟನ್ ಪಾತ್' ಪತ್ರಿಕೆಯನ್ನು 1964ರಲ್ಲಿ ಶುರು ಮಾಡಿದವರೂ ಅವರೇ. ಅಪ್ಪನನ್ನು ಓದಿದ ಎಷ್ಟೋ ಮಂದಿಗೆ ಮಗ ಕಂಪ್ಯೂಟರ್ ಮಾಡಿದ್ದು ಗೊತ್ತಿಲ್ಲ. ಮಗನ ಕಥೆಯನ್ನು ಎಂಬಿಎ ಕ್ಲಾಸಿನಲ್ಲಿ ಕೇಳಿದವರಿಗೆ ಅಪ್ಪ ಯಾರು ಅಂತ ಗೊತ್ತಿಲ್ಲ. ತಮಾಷೆ ಅಲ್ವಾ?

ಹುಡುಗ ಕೊಡೈಕನಾಲ್‌ನ ಕಾನ್ವೆಂಟಿನಲ್ಲಿ ಓದಿದ. ಹನ್ನೊಂದನೇ ವಯಸ್ಸಿಗೆ, 1950ರಲ್ಲಿ ಇಂಗ್ಲೆಂಡಿಗೆ ಹೋದ. ರಮಣರು ತೀರಿಕೊಂಡಿದ್ದೂ ಅದೇ ವರ್ಷ. 1961ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಿಂದ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿದ. ಆಮೇಲೆ ಅಮೆರಿಕಕ್ಕೆ ಹೋಗಿ ಡೆಲವೇರ್‌ನಲ್ಲಿ ಪಿಎಚ್‌ಡಿ ಮಾಡಿದ, ಶೆಲ್ ಎಣ್ಣೆ ಕಂಪನಿಗೆ ಸೇರಿದ. ಅಲ್ಲಿ ಪ್ರೋಗ್ರಾಮಿಂಗ್ ರುಚಿ ಹತ್ತಿತು, ದೊಡ್ಡ ಕಂಪನಿಯ ಶಿಸ್ತು ಮಾತ್ರ ಹಿಡಿಸಲಿಲ್ಲ. 70ರ ದಶಕದ ಶುರುವಿಗೆ ಕೆಲಸ ಬಿಟ್ಟು ಕಂಪ್ಯೂಟರ್ ಬಗ್ಗೆ ಬರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡ.

ಬರೆಯುವುದರಲ್ಲಿ ದುಡ್ಡಿದೆಯಾ ಅಂತ ನೀವು ಕೇಳಬಹುದು. ಆಗ ಇತ್ತು. ಇಂಟೆಲ್‌ನಂಥ ಕಂಪನಿಗಳು ಮೈಕ್ರೊಪ್ರೊಸೆಸರ್ ಚಿಪ್ ಮಾಡಿ ಮಾರುತ್ತಿದ್ದವು. ಜೊತೆಗೆ ಕೊಡುತ್ತಿದ್ದ ಕಾಗದಗಳು ಎಂಜಿನಿಯರುಗಳಿಗೇ ತಲೆಬುಡ ತಿಳಿಯದಂತಿದ್ದವು. ಇದನ್ನೆಲ್ಲ ಮನುಷ್ಯರ ಭಾಷೆಯಲ್ಲಿ ಹೇಳುವವರು ಬೇಕಾಗಿತ್ತು. ಆಸ್ಬಾರ್ನ್ ಮೈಕ್ರೊಕಂಪ್ಯೂಟರ್‌ಗಳ ಪರಿಚಯದ ಪುಸ್ತಕವೊಂದನ್ನು ಬರೆದು ತಾನೇ ಅಚ್ಚು ಹಾಕಿಸಿದ. ಇಮ್ಸಾಯ್ ಎಂಬ ಕಂಪನಿ ತನ್ನ ಕಂಪ್ಯೂಟರ್ ಕಿಟ್‌ಗಳ ಜೊತೆ ಆ ಪುಸ್ತಕವನ್ನೂ ಸೇರಿಸಿ ಕಳಿಸತೊಡಗಿತು. ಅಲ್ಲಿಂದ ಅವನ ಪುಸ್ತಕದ ವ್ಯಾಪಾರ ಕುದುರಿತು. ಕ್ಯಾಲಿಫೋರ್ನಿಯಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆಗಳಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿಕೊಂಡು ಬಂದು ಮಾರುತ್ತಿದ್ದ. ಸ್ಟೀವ್ ವಾಜ್ನಿಯಾಕ್ ತನ್ನ ಮೊದಲ ಆಪಲ್ ಬೋರ್ಡ್ ತೋರಿಸಿದ್ದೂ ಅದೇ ಕ್ಲಬ್ಬಿನಲ್ಲಿ.

ಇದರ ಜೊತೆಗೆ ಪತ್ರಿಕೆಗಳಲ್ಲಿ ಅಂಕಣ. ಹೇಳಿದ್ದೊಂದು ಮಾಡಿದ್ದೊಂದು ಎನ್ನುವ ಕಂಪನಿಗಳನ್ನು ಆ ಅಂಕಣದಲ್ಲಿ ಮುಲಾಜಿಲ್ಲದೆ ಝಾಡಿಸುತ್ತಿದ್ದ. ಓದುಗರಿಗೆ ಖುಷಿ, ಕಂಪನಿಯವರಿಗೆ ಉರಿ. ಎತ್ತರದ ಆಳು, ಸಣ್ಣ ಮೀಸೆ, ಇಂಗ್ಲಿಷರ ಉಚ್ಚಾರ, ಎದುರಿಗಿದ್ದವರನ್ನು ಮಾತಲ್ಲೇ ಕಟ್ಟಿಹಾಕುವ ಚಾಕಚಕ್ಯತೆ. 1979ರಲ್ಲಿ ಮೆಕ್‌ಗ್ರಾ-ಹಿಲ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆ ಅವನ ಪ್ರಕಾಶನವನ್ನು ಕೊಂಡುಕೊಂಡಿತು. ಕೈಗೆ ಹಣ ಬಂತು. ಇಷ್ಟು ದಿನ ಬೇರೆಯವರು ಹೇಗೆ ಕಂಪ್ಯೂಟರ್ ಮಾಡಬೇಕು ಅಂತ ಬುದ್ಧಿ ಹೇಳುತ್ತಿದ್ದವನು ತಾನೇ ಮಾಡಲು ಹೊರಟ.

ಅವನ ಯೋಚನೆ ಏನಿತ್ತು ಅಂತ ತಿಳಿಯಲು 1980ರ ಗಿರಾಕಿಯ ಪಾಡು ನೋಡಿ. ಒಂದು ಕಂಪ್ಯೂಟರ್ ಬೇಕು ಅಂತ ಅಂಗಡಿಗೆ ಹೋದರೆ ಮೇನ್ ಪೆಟ್ಟಿಗೆಗೆ ಒಂದು ಬೆಲೆ, ಮಾನಿಟರ್‌ಗೆ ಇನ್ನೊಂದು. ಫ್ಲಾಪಿ ಡ್ರೈವ್ ಬೇರೆ, ಅದನ್ನು ಜೋಡಿಸುವ ಕಾರ್ಡ್ ಬೇರೆ. ಎಲ್ಲ ತಂದು ಕೂರಿಸಿದ ಮೇಲೂ ಅದರಲ್ಲಿ ಕೆಲಸ ಮಾಡಲು ಸಾಫ್ಟ್‌ವೇರ್ ಇಲ್ಲ. ಪತ್ರ ಬರೆಯುವ ವರ್ಡ್‌ಸ್ಟಾರ್ ಒಂದಕ್ಕೇ ಸುಮಾರು 500 ಡಾಲರ್. ಇವೆಲ್ಲ ಒಂದಕ್ಕೊಂದು ಹೊಂದಿಕೊಳ್ಳದಿದ್ದರೆ ಇವರು ಅವರ ಮೇಲೆ ಹಾಕುತ್ತಾರೆ, ಅವರು ಇವರ ಮೇಲೆ ಹಾಕುತ್ತಾರೆ. ಆಸ್ಬಾರ್ನ್ ಹೇಳಿದ್ದು ಇಷ್ಟೇ: ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿ, ಸಾಫ್ಟ್‌ವೇರನ್ನೂ ಸೇರಿಸಿ, ಒಂದೇ ಬೆಲೆಗೆ ಕೊಡಿ. ಪೆಟ್ಟಿಗೆ ಎಲ್ಲರಿಗಿಂತ ವೇಗವಾಗಿರಬೇಕಿಲ್ಲ, ಚೆಂದವಾಗಿರಬೇಕಿಲ್ಲ. ಕೆಲಸಕ್ಕೆ ಸಾಕಾಗುವಷ್ಟಿದ್ದರೆ ಸಾಕು.

ವಿನ್ಯಾಸಕ್ಕೆ ಲೀ ಫೆಲ್ಸೆನ್‌ಸ್ಟೈನ್ ಎಂಬ ಎಂಜಿನಿಯರನ್ನು ಹಿಡಿದ. ಹೋಮ್‌ಬ್ರೂ ಕ್ಲಬ್ಬಿನ ಸಭೆಗಳನ್ನು ನಡೆಸಿಕೊಡುತ್ತಿದ್ದವನು ಇದೇ ಫೆಲ್ಸೆನ್‌ಸ್ಟೈನ್. 'ಸಾಲ್-20' ಎಂಬ ಒಳ್ಳೆಯ ಕಂಪ್ಯೂಟರ್ ಮಾಡಿ ಆಗಲೇ ಹೆಸರು ಮಾಡಿದ್ದ. ಆಸ್ಬಾರ್ನ್ ಹಾಕಿದ ಷರತ್ತು: ವಿಮಾನದ ಸೀಟಿನ ಕೆಳಗೆ ಹಿಡಿಯಬೇಕು. 1981ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್‌ನಲ್ಲಿ ಆಸ್ಬಾರ್ನ್ 1 ಜನರ ಮುಂದೆ ಬಂತು. ಬೆಲೆ 1,795 ಡಾಲರ್.

ಈಗ ಅದರ ಮುಂದೆ ಕೂತಿದ್ದೀರಿ ಅಂದುಕೊಳ್ಳಿ. ಹಿಡಿಕೆ ಹಿಡಿದು ಎತ್ತಿದರೆ ತೋಳು ಸೇದುತ್ತದೆ, ಸುಮಾರು 11 ಕಿಲೋ. ಮೇಜಿನ ಮೇಲೆ ಮಲಗಿಸಿ ಕ್ಲಿಪ್ ಬಿಚ್ಚಿದರೆ ಮುಚ್ಚಳವೇ ಕೀಬೋರ್ಡ್. ಎದುರಿಗೆ ನಟ್ಟನಡುವೆ ಐದಿಂಚಿನ ಪರದೆ, ಅದರ ಎಡಕ್ಕೊಂದು ಬಲಕ್ಕೊಂದು ಫ್ಲಾಪಿ ಡ್ರೈವ್, ಡ್ರೈವ್‌ಗಳ ಕೆಳಗೆ ಫ್ಲಾಪಿ ಇಟ್ಟುಕೊಳ್ಳಲು ಗೂಡು. ಈಗಿನ ನಿಮ್ಮ ಮೊಬೈಲಿನ ಪರದೆ ಅದಕ್ಕಿಂತ ದೊಡ್ಡದು. ಒಂದು ಸಾಲಿನಲ್ಲಿ 52 ಅಕ್ಷರ ಮಾತ್ರ ಕಾಣುತ್ತದೆ. ಆದರೆ ಟೈಪ್ ಮಾಡಿದ ಕಾಗದದ ಸಾಲಿಗೆ ಸುಮಾರು 80 ಅಕ್ಷರ ಬೇಕು. ಇದಕ್ಕೆ ಫೆಲ್ಸೆನ್‌ಸ್ಟೈನ್ ಕಂಡುಕೊಂಡ ದಾರಿ ಜಾಣತನದ್ದು: ಒಳಗೆ ಮೆಮೊರಿಯಲ್ಲಿ 128 ಅಕ್ಷರ ಅಗಲದ ಹಾಳೆ ಇರುತ್ತದೆ, ಪರದೆ ಅದರ ಒಂದು ತುಂಡನ್ನು ತೋರಿಸುತ್ತದೆ. ಕಂಟ್ರೋಲ್ ಕೀ ಒತ್ತಿ ಬಾಣದ ಕೀ ಒತ್ತಿದರೆ ನೋಟ ಪಕ್ಕಕ್ಕೆ ಸರಿಯುತ್ತದೆ. ಉದ್ದದ ಪತ್ರ ಬರೆಯುವಾಗ ಹೀಗೆ ಅತ್ತಿಂದಿತ್ತ ಸರಿಸುತ್ತಲೇ ಇರಬೇಕು. ಕಣ್ಣು ಕಿರಿದು ಮಾಡಿ ಓದಬೇಕು.

ಒಳಗೆ ಝಡ್-80 ಪ್ರೊಸೆಸರ್, 64 ಕಿಲೋಬೈಟ್ ಮೆಮೊರಿ, ಸಿಪಿ/ಎಂ ಆಪರೇಟಿಂಗ್ ಸಿಸ್ಟಂ. ಒಂದು ಫ್ಲಾಪಿಯಲ್ಲಿ ಹಿಡಿಯುವುದು ಸುಮಾರು 90 ಕಿಲೋಬೈಟ್. ಒಂದು ಪುಟಕ್ಕೆ ಎರಡು ಕಿಲೋಬೈಟ್ ಅಂದರೂ ನಲವತ್ತು ಚಿಲ್ಲರೆ ಪುಟ. ಬ್ಯಾಟರಿ ಒಳಗಿಲ್ಲ, ಹೋದಲ್ಲಿ ಪ್ಲಗ್ ಪಾಯಿಂಟ್ ಹುಡುಕಬೇಕು. 'ಪೋರ್ಟಬಲ್' ಅಂತ ಜಾಹೀರಾತಿನಲ್ಲಿ ಹೇಳಿದರು. ಹೊತ್ತವರು 'ಲಗ್ಗಬಲ್', ಅಂದರೆ ಏದುಸಿರು ಬಿಟ್ಟು ಎಳೆದೊಯ್ಯುವಂಥದ್ದು, ಅಂತ ಕರೆದರು.

ಇಷ್ಟೆಲ್ಲ ಕೊರತೆ ಇದ್ದೂ ಜನ ಮುಗಿಬಿದ್ದರು. ಕಾರಣ ಪೆಟ್ಟಿಗೆಗಿಂತ ಜಾಸ್ತಿ ಅದರ ಜೊತೆ ಬಂದ ಸಾಫ್ಟ್‌ವೇರ್. ವರ್ಡ್‌ಸ್ಟಾರ್, ಲೆಕ್ಕದ ಹಾಳೆಗೆ ಸೂಪರ್‌ಕ್ಯಾಲ್ಕ್, ಪ್ರೋಗ್ರಾಂ ಬರೆಯಲು ಎರಡು ಬಗೆಯ ಬೇಸಿಕ್ ಭಾಷೆ. ಬಿಡಿಬಿಡಿಯಾಗಿ ಕೊಂಡರೆ ಇವಕ್ಕೇ ಸುಮಾರು 1,500 ಡಾಲರ್ ಆಗುತ್ತಿತ್ತು. ಅಂದರೆ ಕಂಪ್ಯೂಟರ್ ಹೆಚ್ಚುಕಡಿಮೆ ಪುಕ್ಕಟೆ ಸಿಕ್ಕಿದ ಹಾಗೆ. ಇದು ಹೇಗೆ ಸಾಧ್ಯವಾಯಿತು? ಆಸ್ಬಾರ್ನ್ ಸಾಫ್ಟ್‌ವೇರ್ ಕಂಪನಿಗಳ ಮಾಲೀಕರನ್ನು ನೇರವಾಗಿ ಕಂಡು, ನಿಮ್ಮ ಪ್ರೋಗ್ರಾಂ ಕಡಿಮೆಗೆ ಕೊಡಿ, ನನ್ನ ಕಂಪನಿಯ ಷೇರು ತಗೊಳ್ಳಿ ಎಂದು ಒಪ್ಪಿಸಿದ. ಫ್ಲಾಪಿಗೆ ಕಾಪಿ ಮಾಡಲು ಖರ್ಚೇನೂ ಇಲ್ಲ, ಸಾವಿರಾರು ಯಂತ್ರದ ಜೊತೆ ಹೋದರೆ ಸಣ್ಣ ಮೊತ್ತವೂ ದೊಡ್ಡದಾಗುತ್ತದೆ ಎನ್ನುವ ಲೆಕ್ಕ. ಇವತ್ತು ಹೊಸ ಫೋನಿನಲ್ಲಿ ಆ್ಯಪ್‌ಗಳು ಮೊದಲೇ ತುಂಬಿಕೊಂಡು ಬರುವುದು ನಮಗೆ ಮಾಮೂಲು. 1981ರಲ್ಲಿ ಹಾಗಿರಲಿಲ್ಲ. ನನ್ನ ಲೆಕ್ಕದಲ್ಲಿ ಆಸ್ಬಾರ್ನ್ ನೆನಪಿನಲ್ಲಿ ಉಳಿಯಬೇಕಾದದ್ದು ಈ ಕೆಲಸಕ್ಕೆ. ಹೊತ್ತೊಯ್ಯುವ ಪೆಟ್ಟಿಗೆಯನ್ನು ಬೇರೆ ಯಾರಾದರೂ ಮಾಡುತ್ತಿದ್ದರು.

ಮಾದರಿ ಜೀವಿಸಿರುವಷ್ಟು ಕಾಲಕ್ಕೆ ಒಟ್ಟು 10,000 ಹೋದೀತು ಅಂತ ಮೊದಲು ಅಂದಾಜಿಸಿದ್ದರು. ಒಂದು ಹಂತದಲ್ಲಿ ಒಂದೇ ತಿಂಗಳಿಗೆ ಅಷ್ಟು ಹೋಗತೊಡಗಿತು. 1982ರಲ್ಲಿ ವ್ಯಾಪಾರ ಸುಮಾರು 7 ಕೋಟಿ ಡಾಲರ್ ಮುಟ್ಟಿತು. ಹೇವರ್ಡ್ ಊರಿನ ಕಾರ್ಖಾನೆಗೆ ಜನರನ್ನು ಸೇರಿಸಿಕೊಂಡಷ್ಟೂ ಸಾಲದು.

ತೊಂದರೆ ಶುರುವಾಗಿದ್ದು ಇಲ್ಲೇ. ನೀವು ಮಾರಾಟದಲ್ಲಿರುವವರು, ನಿಮಗಿದು ಬೇಗ ಅರ್ಥವಾಗುತ್ತದೆ. ಪರದೆ, ಡ್ರೈವ್, ಚಿಪ್‌ಗಳಿಗೆ ಹಣ ಮೊದಲು ಕಟ್ಟಬೇಕು. ಕೆಲಸದವರಿಗೆ ಸಂಬಳ ತಿಂಗಳಿಗೆ ತಪ್ಪಲ್ಲ. ಡೀಲರ್ ಮಾತ್ರ ಮಾಲು ಎತ್ತಿಕೊಂಡು ಹೋಗಿ ವಾರಗಟ್ಟಲೆ ಆದಮೇಲೆ ದುಡ್ಡು ಕೊಡುತ್ತಾನೆ. ವ್ಯಾಪಾರ ನಿಧಾನಕ್ಕೆ ಬೆಳೆದರೆ ಹೇಗೋ ಸರಿದೂಗಿಸಬಹುದು. ತಿಂಗಳಿಂದ ತಿಂಗಳಿಗೆ ದುಪ್ಪಟ್ಟಾಗುತ್ತಾ ಹೋದರೆ, ಜಾಸ್ತಿ ಮಾರಿದಷ್ಟೂ ಕೈ ಜಾಸ್ತಿ ಬರಿದಾಗುತ್ತದೆ. ಆರ್ಡರ್ ಬರುತ್ತಿರುವವರೆಗೆ ಬ್ಯಾಂಕಿನವರು, ಬಂಡವಾಳ ಹಾಕಿದವರು ಕೈ ಹಿಡಿಯುತ್ತಾರೆ. ಆರ್ಡರ್ ಒಂದೆರಡು ತಿಂಗಳು ನಿಂತರೆ ಸಾಕು, ಮಾಡಿಟ್ಟ ಮಾಲು ಗೋದಾಮಿನಲ್ಲಿ ಹಣವನ್ನು ಹಿಡಿದಿಟ್ಟುಕೊಂಡು ಕೂರುತ್ತದೆ.

ಎದುರಾಳಿಗಳೂ ಸುಮ್ನೆ ಕೂತಿರಲಿಲ್ಲ. 1981ರ ಆಗಸ್ಟಿನಲ್ಲಿ ಐಬಿಎಂ ಪಿಸಿ ಬಂತು. ಆದರೆ ಆಸ್ಬಾರ್ನ್‌ಗೆ ನೇರ ಪೆಟ್ಟು ಕೊಟ್ಟಿದ್ದು ಸ್ಯಾನ್ ಡೀಗೊ ಕಡೆಯ ಒಂದು ಹಳೆಯ ಮನೆತನದ ಕಂಪನಿ. ಡಿಜಿಟಲ್ ವೋಲ್ಟ್‌ಮೀಟರ್ ಕಂಡುಹಿಡಿದ ಆಂಡ್ರೂ ಕೇ ಅದರ ಮಾಲೀಕ. 1982ರಲ್ಲಿ ಅವನು ಕೇಪ್ರೊ 2 ಎಂಬ ಪೆಟ್ಟಿಗೆ ತಂದ. ಅದೇ ಝಡ್-80, ಅದೇ 64 ಕಿಲೋಬೈಟ್, ಅದೇ ಸಿಪಿ/ಎಂ, ಜೊತೆಗೆ ಸಾಫ್ಟ್‌ವೇರ್, ಬೆಲೆಯೂ ಅದೇ 1,795 ಡಾಲರ್. ಪರದೆ ಮಾತ್ರ ಒಂಬತ್ತಿಂಚು, ಸಾಲಿಗೆ 80 ಅಕ್ಷರ, ಫ್ಲಾಪಿಯಲ್ಲಿ ಎರಡರಷ್ಟು ಜಾಗ. ಆಮೇಲೆ ಬೆಲೆಯನ್ನು 1,595ಕ್ಕೆ ಇಳಿಸಿದರು. ಅಂಗಡಿಯ ಕಟ್ಟೆಯ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಚಾಲೂ ಮಾಡಿದರೆ ಗಿರಾಕಿ ಯಾವುದನ್ನು ಎತ್ತಿಕೊಂಡಾನು? ಇದನ್ನು ತಿಳಿಯಲು ಯಾರ ಭಾಷಣವೂ ಬೇಡ.

ಇನ್ನೊಂದು ಕಡೆ, 1982ರ ನವೆಂಬರಿನಲ್ಲಿ ಕಾಂಪ್ಯಾಕ್ ಎಂಬ ಕಂಪನಿ ತನ್ನ ಪೋರ್ಟಬಲ್ ಕಂಪ್ಯೂಟರ್ ಘೋಷಿಸಿತು. ಬೆಲೆ ಜಾಸ್ತಿ, 2,995 ಡಾಲರ್. ಆದರೆ ಐಬಿಎಂ ಪಿಸಿಯ ಪ್ರೋಗ್ರಾಂಗಳೆಲ್ಲ ಅದರಲ್ಲಿ ನಡೆಯುತ್ತಿದ್ದವು. ಆಫೀಸುಗಳಿಗೆ ಅದೇ ಬೇಕಾಗಿತ್ತು. ಸಿಪಿ/ಎಂ ಕಾಲ ಮುಗಿಯುತ್ತಾ ಬಂದಿತ್ತು. ಕೆಳಗಿನಿಂದ ಕೇಪ್ರೊ, ಮೇಲಿನಿಂದ ಕಾಂಪ್ಯಾಕ್. ನಡುವೆ ಆಸ್ಬಾರ್ನ್.

ಒಳಗಿನ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. 1983ರ ಶುರುವಿನಲ್ಲಿ ಕಂಪನಿ ನಡೆಸಲು ಹೊರಗಿನಿಂದ ರಾಬರ್ಟ್ ಜಾನಿಕ್ ಎಂಬ ಅನುಭವಿಯನ್ನು ಕರೆತಂದರು. ಅವರು ಬಂದದ್ದು ಆಹಾರ ಪದಾರ್ಥಗಳ ಕಂಪನಿಯಿಂದ. ಆ ವಸಂತದಲ್ಲೇ ಪಬ್ಲಿಕ್ ಇಶ್ಯೂಗೆ, ಅಂದರೆ ಕಂಪನಿಯ ಷೇರನ್ನು ಮೊದಲ ಸಲ ಜನರಿಗೆ ಮಾರಲು, ತಯಾರಿ ನಡೆದಿತ್ತು, ಅದರಿಂದ ಬರುವ ಹಣ ನಂಬಿಕೊಂಡೇ ಎಲ್ಲ ಖರ್ಚು ಸಾಗಿತ್ತು. ಇಶ್ಯೂಗೆ ಮುಂಚೆ ಲೆಕ್ಕ ಸರಿಯಾಗಿ ತೆಗೆಯಬೇಕಲ್ಲ? ತೆಗೆದಾಗ ಲಾಭ ಅಂದುಕೊಂಡಿದ್ದು ನಷ್ಟ ಎಂದು ಗೊತ್ತಾಯಿತು. ಮತ್ತೊಮ್ಮೆ ನೋಡಿದರೆ ನಷ್ಟ ಇನ್ನೂ ದೊಡ್ಡದು. ಕೊಡಬೇಕಾದ ಬಿಲ್ಲುಗಳು, ಇಟ್ಟ ಮಾಲಿನ ಬೆಲೆ, ಯಾವುದೂ ಪುಸ್ತಕದಲ್ಲಿ ನೆಟ್ಟಗೆ ಏರಿರಲಿಲ್ಲ. ಇಶ್ಯೂ ರದ್ದಾಯಿತು. ನನ್ನ ಪ್ರಕಾರ ಕಂಪನಿಯ ಆಯುಸ್ಸು ಮುಗಿದದ್ದು ಆ ದಿನ. ಉಳಿದದ್ದು ವಿಧಿವಿಧಾನ.

ಈಗ ಆ ಹೆಸರಾಂತ ಮಾತಿಗೆ ಬರೋಣ. 1983ರ ಮೊದಲ ತಿಂಗಳುಗಳಲ್ಲಿ ಆಸ್ಬಾರ್ನ್ ಮುಂದೆ ಬರುವ ಮಾದರಿಗಳ ಬಗ್ಗೆ ಪತ್ರಕರ್ತರಿಗೆ ಹೇಳಿದ್ದು ಹೌದು. 'ಎಕ್ಸಿಕ್ಯುಟಿವ್' ಎಂಬ ಹೊಸ ಯಂತ್ರಕ್ಕೆ ಏಳಿಂಚಿನ ಪರದೆ, 80 ಅಕ್ಷರದ ಸಾಲು, ಹೆಚ್ಚು ಮೆಮೊರಿ ಇತ್ತು. ಡೀಲರುಗಳಿಗೆ ಸುದ್ದಿ ಮುಟ್ಟಿತು, ಆಸ್ಬಾರ್ನ್ 1ರ ಆರ್ಡರ್‌ಗಳು ರದ್ದಾದವು ಅನ್ನುವುದು ಪ್ರಚಲಿತ ಕಥೆ. ಆದರೆ ಎಕ್ಸಿಕ್ಯುಟಿವ್ ಏಪ್ರಿಲ್‌ನಲ್ಲಿ ಹೊರಬಂತು, ಕೆಲವೇ ವಾರದಲ್ಲಿ ಅಂಗಡಿಗೂ ಬಂತು. ಗಿರಾಕಿ ವರ್ಷಗಟ್ಟಲೆ ಕಾಯುವ ಪ್ರಮೇಯವೇ ಇರಲಿಲ್ಲ. ಮತ್ತೆ, ಹೊಸದರ ಬೆಲೆ 2,000 ಡಾಲರ್ ದಾಟಿತ್ತು. 1,800ರೊಳಗೆ ಕಂಪ್ಯೂಟರ್ ಹುಡುಕುತ್ತಿದ್ದವನಿಗೆ ಅದು ಹಳೆಯದಕ್ಕೆ ಬದಲಿ ಆಗಲಾರದು. ಅವನು ಆಸ್ಬಾರ್ನ್ 1 ಬಿಟ್ಟದ್ದು ಎಕ್ಸಿಕ್ಯುಟಿವ್‌ಗೆ ಕಾಯಲು ಅನ್ನುವುದಕ್ಕಿಂತ, ಕೇಪ್ರೊ ಕೊಳ್ಳಲು ಅನ್ನುವುದು ಹೆಚ್ಚು ನಂಬುವಂಥ ಮಾತು. ಏಳಿಂಚಿನ ಹೊಸ ಯಂತ್ರವೂ ಒಂಬತ್ತಿಂಚಿನ ಅಗ್ಗದ ಕೇಪ್ರೊ ಮುಂದೆ ಮಂಕಾಗಿಯೇ ಕಾಣುತ್ತಿತ್ತು.

ಕಂಪನಿಯಲ್ಲಿ ಕೆಲಸ ಮಾಡಿದವರೊಬ್ಬರು ಎಷ್ಟೋ ವರ್ಷಗಳ ಮೇಲೆ ಹೇಳಿದ ಒಂದು ಪ್ರಸಂಗ ನನಗೆ ಇದೆಲ್ಲಕ್ಕಿಂತ ಹೆಚ್ಚು ತಿಳಿಸುತ್ತದೆ. ಎಕ್ಸಿಕ್ಯುಟಿವ್ ಮಾರಾಟ ಶುರುವಾದ ಮೇಲೆ ಮೇಲಧಿಕಾರಿಯೊಬ್ಬರ ಕಣ್ಣಿಗೆ ಹಳೆಯ ಮಾದರಿಯ ತಯಾರಾದ ಮದರ್‌ಬೋರ್ಡ್‌ಗಳು ಬಿದ್ದವಂತೆ. ಬೆಲೆ ಸುಮಾರು 1,50,000 ಡಾಲರ್. ಸುಮ್ಮನೆ ಎಸೆಯುವುದೇಕೆ, ಪೂರ್ತಿ ಯಂತ್ರ ಮಾಡಿ ಮಾರೋಣ ಎಂದು ಹೊರಟರು. ಪರದೆ ಬೇಕು, ಡ್ರೈವ್ ಬೇಕು, ಮೆಮೊರಿ ಬೇಕು, ಹೊರಕವಚದ ಅಚ್ಚೂ ಮತ್ತೆ ಆಗಬೇಕು. ಒಂದೂವರೆ ಲಕ್ಷದ ಮಾಲು ಉಳಿಸಲು ಹೋಗಿ ಸುಮಾರು 20 ಲಕ್ಷ ಡಾಲರ್ ಖರ್ಚಾಯಿತಂತೆ. ಮೊದಲೇ ಕಾಸಿಲ್ಲದ ಕಂಪನಿ! ಹೇಳಿದವರ ಲೆಕ್ಕ ಪೈಸೆ ಪೈಸೆಗೆ ಸರಿಯಿದೆಯೋ ಇಲ್ಲವೋ, ಗೋದಾಮು ಒಂದು ಕಡೆ, ಖಜಾನೆ ಒಂದು ಕಡೆ, ನಡುವೆ ಮಾತುಕತೆಯೇ ಇಲ್ಲ ಅನ್ನುವ ಚಿತ್ರ ಮಾತ್ರ ಉಳಿದ ಎಲ್ಲ ಸಂಗತಿಗಳ ಜೊತೆ ಹೊಂದುತ್ತದೆ.

1983ರ ಸೆಪ್ಟೆಂಬರ್ 13ರಂದು ಕಂಪನಿ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 4.5 ಕೋಟಿ ಡಾಲರ್. ಮೊದಲ ಯಂತ್ರ ಜನರ ಮುಂದೆ ಬಂದು ಎರಡೂವರೆ ವರ್ಷವೂ ಆಗಿರಲಿಲ್ಲ.

ಹಾಗಾದರೆ ಬಾಯಿಯ ಕಥೆ ಇಷ್ಟು ಗಟ್ಟಿಯಾಗಿ ನಿಂತದ್ದು ಹೇಗೆ? ಹೇಳಲು ಸುಲಭ, ಅದೊಂದು. ಲೆಕ್ಕದ ಪುಸ್ತಕ ಬರೆಯದ ಕಥೆ ಹೇಳಿದರೆ ಯಾರೂ ಕೇಳುವುದಿಲ್ಲ. ಇನ್ನೊಂದು, ಆಸ್ಬಾರ್ನ್ ನಿಜಕ್ಕೂ ಬಾಯಿ ಬಡುಕ. ತನ್ನನ್ನು ಹೆನ್ರಿ ಫೋರ್ಡ್ ಸಾಲಿನಲ್ಲಿ ನಿಲ್ಲಿಸಿ ಜಾಹೀರಾತು ಹಾಕಿಸಿಕೊಂಡ ಮನುಷ್ಯ. ಅಂಥವನು ಬಿದ್ದಾಗ 'ಬಾಯಿಂದಲೇ ಕೆಟ್ಟ' ಅಂದರೆ ಜನ ತಟ್ಟನೆ ಒಪ್ಪುತ್ತಾರೆ. ಅವನ ಅಂಕಣದ ಪೆಟ್ಟು ತಿಂದ ಕಂಪನಿಗಳಂತೂ ಸಂತೋಷವಾಗಿ ಒಪ್ಪಿರಬೇಕು. ಮೂರನೆಯದು, ಕಂಪನಿಯಲ್ಲಿ ಎಲ್ಲರೂ ಸೇರಿ ಮಾಡಿದ ತಪ್ಪನ್ನು ಒಬ್ಬನ ನಾಲಗೆಯ ಮೇಲೆ ಹಾಕುವುದು ಉಳಿದವರಿಗೆಲ್ಲ ಅನುಕೂಲ.

ದಿವಾಳಿಯ ನಂತರವೂ ಆತ ಸುಮ್ಮನಾಗಲಿಲ್ಲ. ಎರಡನೇ ಆಟ ಅಷ್ಟೇ ಕುತೂಹಲದ್ದು, ಅದನ್ನು ಯಾಕೋ ಯಾರೂ ಹೇಳುವುದಿಲ್ಲ. 1984ರಲ್ಲಿ ಪೇಪರ್‌ಬ್ಯಾಕ್ ಸಾಫ್ಟ್‌ವೇರ್ ಎಂಬ ಕಂಪನಿ ತೆರೆದ. ಪ್ರೋಗ್ರಾಂಗಳನ್ನು ಪುಸ್ತಕದ ಹಾಗೆ ಅಗ್ಗಕ್ಕೆ ಮಾರಬೇಕು ಅನ್ನುವುದು ಯೋಚನೆ. ಆಗ ಲೋಟಸ್ 1-2-3 ಎಂಬ ಲೆಕ್ಕದ ಹಾಳೆಯ ಪ್ರೋಗ್ರಾಂ 495 ಡಾಲರಿಗೆ ಮಾರಾಟವಾಗುತ್ತಿತ್ತು, ಪ್ರತಿ ಆಫೀಸಿನಲ್ಲೂ ಅದೇ. ಪೇಪರ್‌ಬ್ಯಾಕ್‌ನ ವಿಪಿ-ಪ್ಲಾನರ್ ಸುಮಾರು 100 ಡಾಲರಿಗೆ ಅದೇ ಕೆಲಸ ಮಾಡುತ್ತಿತ್ತು. ಬೇಕಂತಲೇ ಮೆನುಗಳನ್ನೂ ಲೋಟಸ್‌ನ ಹಾಗೇ ಇಟ್ಟಿದ್ದರು. ಲೋಟಸ್ ಕಲಿತವರು ಹೊಸದಾಗಿ ಏನೂ ಕಲಿಯಬೇಕಿರಲಿಲ್ಲ, ಹಳೆಯ ಫೈಲುಗಳೂ ತೆರೆಯುತ್ತಿದ್ದವು.

1987ರ ಜನವರಿಯಲ್ಲಿ ಲೋಟಸ್ ಕೋರ್ಟಿಗೆ ಹೋಯಿತು. ಪ್ರೋಗ್ರಾಂನ ಒಳಗಿನ ಕೋಡ್ ಕದ್ದಿದ್ದಾರೆ ಅನ್ನುವ ದೂರು ಅದಾಗಿರಲಿಲ್ಲ. ಮೆನುವಿನಲ್ಲಿ ಯಾವ ಆಜ್ಞೆ ಯಾವುದರ ಕೆಳಗೆ ಬರುತ್ತದೆ, ಯಾವ ಅಕ್ಷರ ಒತ್ತಿದರೆ ಏನಾಗುತ್ತದೆ ಅನ್ನುವ ಜೋಡಣೆ ಯಾರ ಸೊತ್ತು ಅನ್ನುವುದು ಪ್ರಶ್ನೆ. ಮೂರು ವರ್ಷ ದಾಟಿ, 1990ರ ಜೂನ್‌ನಲ್ಲಿ ನ್ಯಾಯಾಧೀಶ ರಾಬರ್ಟ್ ಕೀಟನ್ ಲೋಟಸ್ ಪರ ತೀರ್ಪು ಕೊಟ್ಟರು. ಕೇಸು ನಡೆಯುತ್ತಿದ್ದಾಗಲೇ ಡೀಲರುಗಳು ಹಿಂದೆ ಸರಿದಿದ್ದರು. ವಿಪಿ-ಪ್ಲಾನರ್ ಮಾರಾಟ ನಿಂತಿತು, ಆಸ್ಬಾರ್ನ್ ಕಂಪನಿ ಬಿಟ್ಟ.

ಹೊಟ್ಟೆ ಉರಿಯುವ ವಿಷಯ ಮುಂದಿದೆ. ಇದೇ ಲೋಟಸ್ ಇದೇ ಕಾರಣಕ್ಕೆ ಬೋರ್ಲೆಂಡ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕಂಪನಿಯ ಮೇಲೂ ಕೇಸು ಹಾಕಿತು. ಅದೂ ಕೀಟನ್ ಅವರ ಮುಂದೆಯೇ ಬಂತು, ಲೋಟಸ್ ಗೆದ್ದಿತು. ಬೋರ್ಲೆಂಡ್ ಬಳಿ ದುಡ್ಡಿತ್ತು, ಮೇಲ್ಮನವಿಗೆ ಹೋಯಿತು. 1995ರಲ್ಲಿ ಮೇಲಿನ ಕೋರ್ಟು, ಮೆನುವಿನ ಆಜ್ಞೆಗಳ ಜೋಡಣೆ ಯಂತ್ರ ನಡೆಸುವ ವಿಧಾನ, ಅದಕ್ಕೆ ಕಾಪಿರೈಟ್ ಇಲ್ಲ ಎಂದು ತೀರ್ಪು ತಿರುಗಿಸಿತು. 1996ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ನಾಲ್ಕು-ನಾಲ್ಕಾಗಿ ಒಡೆದು ಆ ತೀರ್ಪೇ ಉಳಿಯಿತು. ಆಸ್ಬಾರ್ನ್ ವಾದ ಗೆದ್ದಂತಾಯಿತು. ಆದರೆ ಅವನ ಕಂಪನಿ ಇರಲಿಲ್ಲ, ಅವನೂ ಅಮೆರಿಕದಲ್ಲಿರಲಿಲ್ಲ.

ಅಷ್ಟರಲ್ಲಿ ಅವನ ಆರೋಗ್ಯ ಕೆಟ್ಟಿತ್ತು. ಮೆದುಳಿನ ಕಾಯಿಲೆ, ಮೇಲಿಂದ ಮೇಲೆ ಸಣ್ಣ ಸಣ್ಣ ಸ್ಟ್ರೋಕ್‌ಗಳು. 1992ರ ಹೊತ್ತಿಗೆ ಭಾರತಕ್ಕೆ ಮರಳಿ ಕೊಡೈಕನಾಲ್‌ನಲ್ಲಿ ಅಕ್ಕತಂಗಿಯರ ಪೈಕಿ ಒಬ್ಬರಾದ ಕಿಟ್ಟಿ ಅವರ ಜೊತೆ ಇದ್ದ. 2003ರ ಮಾರ್ಚ್ 18ರಂದು ಅಲ್ಲೇ ತೀರಿಕೊಂಡ, 64 ವರ್ಷ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಮುಂದಿನ ಮಾದರಿಯ ಬಗ್ಗೆ ಮೊದಲೇ ಹೇಳಿದರೆ ಇಂದಿನ ಮಾರಾಟ ಬೀಳುತ್ತದೆ ಅನ್ನುವುದು ಸುಳ್ಳಲ್ಲ. 2011ರ ಫೆಬ್ರವರಿಯಲ್ಲಿ ನೋಕಿಯಾ ಏನು ಮಾಡಿತು ನೆನಪಿದೆಯಾ? ಇನ್ನು ಮುಂದೆ ವಿಂಡೋಸ್ ಫೋನ್ ಮಾಡುತ್ತೇವೆ ಎಂದು ಘೋಷಿಸಿತು. ಆ ಬಗೆಯ ಮೊದಲ ಫೋನ್, ಲೂಮಿಯಾ, ಕಣ್ಣಿಗೆ ಬಿದ್ದದ್ದು ಆ ವರ್ಷದ ಕೊನೆಗೆ. ನಡುವಿನ ತಿಂಗಳುಗಳಲ್ಲಿ ಅಂಗಡಿಯಲ್ಲಿದ್ದದ್ದೆಲ್ಲ ಕಂಪನಿಯೇ ಕೈಬಿಟ್ಟ ಸಿಂಬಿಯನ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಂನ ಫೋನ್‌ಗಳು. ಯಾರು ಕೊಳ್ಳುತ್ತಾರೆ? ಇದಕ್ಕೆ ಉಲ್ಟಾ ಉದಾಹರಣೆ ಆಪಲ್. 2005ರ ಜೂನ್‌ನಲ್ಲಿ, ಮುಂದಿನ ವರ್ಷದಿಂದ ನಮ್ಮ ಮ್ಯಾಕ್‌ಗಳಲ್ಲಿ ಇಂಟೆಲ್ ಪ್ರೊಸೆಸರ್ ಎಂದು ಸ್ಟೀವ್ ಜಾಬ್ಸ್ ವೇದಿಕೆಯ ಮೇಲೇ ಹೇಳಿದರು. ಆಪಲ್‌ಗೂ ಆಸ್ಬಾರ್ನ್ ಗತಿ ಅಂತ ಬರೆದವರಿದ್ದರು. ಏನೂ ಆಗಲಿಲ್ಲ. ಹಳೆಯ ಪ್ರೋಗ್ರಾಂ ಹೊಸದರಲ್ಲಿ ನಡೆಯುವ ಏರ್ಪಾಡನ್ನು ಆಪಲ್ ಅದೇ ದಿನ ತೋರಿಸಿತ್ತು, ಐಪಾಡ್‌ನಿಂದ ಹಣ ಹರಿದು ಬರುತ್ತಿತ್ತು, ಮತ್ತು 2006ರ ಜನವರಿಗೆ, ಹೇಳಿದ್ದಕ್ಕಿಂತ ಮುಂಚೆಯೇ ಹೊಸ ಯಂತ್ರ ಕೈಗೆ ಕೊಟ್ಟಿತು.

ಹಾಗಾಗಿ ಹೇಳಬೇಕೋ ಬೇಡವೋ ಅನ್ನುವುದಕ್ಕೆ ಮೊದಲು ನಿಮ್ಮ ಮ್ಯಾನೇಜರ್ ಹತ್ತಿರ ಮೂರು ಸಂಗತಿ ವಿಚಾರಿಸಿ. ಡೀಲರುಗಳ ಹತ್ತಿರ ಹಳೆಯ ಮಾಲು ಎಷ್ಟು ವಾರಕ್ಕಾಗುವಷ್ಟು ಉಳಿದಿದೆ? ಹೊಸದು ನಿಜವಾಗಿ ಅಂಗಡಿಗೆ ಬರುವುದು ಯಾವಾಗ? ನಡುವೆ ಒಂದು ಪೈಸೆ ವ್ಯಾಪಾರ ಆಗದಿದ್ದರೂ ಎಷ್ಟು ತಿಂಗಳ ಸಂಬಳ ಕೊಡಲು ಕಂಪನಿಯ ಕೈಯಲ್ಲಿ ಹಣವಿದೆ? ಹಳೆಯದು ಕಡಿಮೆ ಉಳಿದಿದ್ದು, ಹೊಸದು ಬೇಗ ಬರುವಂತಿದ್ದು, ಕೈಯಲ್ಲಿ ಹಣವಿದ್ದರೆ ಧಾರಾಳವಾಗಿ ಹೇಳಿ. ಹಳೆಯದನ್ನು ಈಗ ಕೊಂಡವರಿಗೆ ಹೊಸದರಲ್ಲಿ ರಿಯಾಯಿತಿ ಅಂತಲೂ ಹೇಳಿ, ಅರ್ಧ ಭಯ ಅಲ್ಲೇ ಹೋಗುತ್ತದೆ. ಮೂರನೇ ಪ್ರಶ್ನೆಗೆ ಮ್ಯಾನೇಜರ್ ತಡವರಿಸಿದರೆ ಮಾತ್ರ, ಅವರು ಹೇಳಿದ ಹಾಗೆ ಬಾಯಿ ಮುಚ್ಚಿಕೊಂಡಿರಿ. ಜೊತೆಗೆ ಅಕೌಂಟ್ಸ್ ವಿಭಾಗದಲ್ಲಿ ಯಾರಾದರೂ ಪರಿಚಯವಿದ್ದರೆ ಒಮ್ಮೆ ಮಾತಾಡಿಸಿ.